ರಾಗಿ ಹೊಟ್ಟೆಗೆ, ಅಕ್ಕಡಿ ಬಾಯಿಗೆ

ಈ ಸಭೆಯಲ್ಲಿ ಮಾತಾಡಲು ನನಗೆ ಕೊಟ್ಟ ವಿಷಯ, ರೈತರ ಮನೆಯ ವರ್ಷದ ಕೆಲಸಗಳು ಮತ್ತು ಸಣ್ಣಪುಟ್ಟ ಖುಷಿಗಳು. ಮಾಗಡಿ ಕಡೆಯವನು, ಮಳೆ ನಂಬಿದ ಹೊಲ, ಅಂದ ಮೇಲೆ ರಾಗಿ ಬಗ್ಗೆ ಮಾತಾಡುತ್ತಾನೆ ಅಂತ ನೀವು ಅಂದುಕೊಂಡಿರುತ್ತೀರಿ. ಅರ್ಧ ಸರಿ. ಕೆಲಸದ ಮಾತು ಬಂದಾಗ ರಾಗಿ ಬಗ್ಗೆ ಹೇಳುತ್ತೇನೆ. ಖುಷಿಯ ಮಾತು ಬಂದಾಗ ರಾಗಿ ಪಕ್ಕದ ಸಾಲಿನ ಬಗ್ಗೆ.

ಆ ಪಕ್ಕದ ಸಾಲಿಗೆ ನಮ್ಮಲ್ಲಿ ಅಕ್ಕಡಿ ಅಂತಾರೆ. ಎಂಟೋ ಹತ್ತೋ ಸಾಲು ರಾಗಿ ಆದ ಮೇಲೆ ಒಂದು ಸಾಲು ಅವರೆ, ಇಲ್ಲಾ ತೊಗರಿ. ನಡುನಡುವೆ ಅಲಸಂದೆ, ನಾಲ್ಕು ಜೋಳ. ಹೊಲದ ಅಂಚಿಗೆ ಹುಚ್ಚೆಳ್ಳು. ಬದುವಿನ ಮೂಲೆಯಲ್ಲಿ ಎರಡು ಹರಳು ಗಿಡ. ರಾಗಿ ಹೊಟ್ಟೆಗೆ, ಅಕ್ಕಡಿ ಬಾಯಿಗೆ. ರಾಗಿ ವರ್ಷಕ್ಕೊಂದು ಸಲ ಮನೆಗೆ ಬರುತ್ತೆ. ಅಕ್ಕಡಿ ಹಾಗಲ್ಲ, ತಿಂಗಳು ತಿಂಗಳು ಏನಾದರೊಂದು ಕೊಡ್ತಾ ಇರುತ್ತೆ. ನಮ್ಮ ಮನೆಯ ಖುಷಿಗಳನ್ನು ಲೆಕ್ಕಕ್ಕೆ ಕೂರಿಸಿದರೆ ಮುಕ್ಕಾಲು ಪಾಲು ಈ ಸಾಲಿನವೇ. ಇವತ್ತು ಹೊಲದಿಂದ ಎಲ್ಲಕ್ಕಿಂತ ಮೊದಲು ಜಾಗ ಖಾಲಿ ಮಾಡುತ್ತಿರುವುದೂ ಇದೇ. ಯಾಕೆ ಅಂತ ಆಮೇಲೆ ಬರುತ್ತೇನೆ.

ವರ್ಷ ಶುರುವಾಗುವುದು ತಿಪ್ಪೆಯಿಂದ. ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಗೊಬ್ಬರ ಹೊಡೆಯುವ ಕೆಲಸ. ತಿಪ್ಪೆ ಅಗೆದು, ಗಾಡಿಗೆ ತುಂಬಿ, ಹೊಲದಲ್ಲಿ ಸಾಲಾಗಿ ಗುಪ್ಪೆ ಹಾಕಿ ಬರುವುದು. ಮೂಗು ಮುಚ್ಚಿಕೊಳ್ಳಬೇಡಿ. ಚೆನ್ನಾಗಿ ಕೊಳೆತ ಗೊಬ್ಬರ ನಾರುವುದಿಲ್ಲ. ನಾತ ಬಂದರೆ ಅದಿನ್ನೂ ಗೊಬ್ಬರ ಆಗಿಲ್ಲ ಅಂತ ಅರ್ಥ. ಹೋಗುವಾಗ ಗಾಡಿ ತುಂಬಾ ಗೊಬ್ಬರ, ಬರುವಾಗ ಗಾಡಿ ತುಂಬಾ ಮಕ್ಕಳು. ಖಾಲಿ ಗಾಡಿ ಕುಲುಕುವ ಕುಲುಕಿಗೆ ಹಲ್ಲು ಕಟಕಟ ಅನ್ನಬೇಕು, ಅದೇ ಮಜಾ. ಯುಗಾದಿಗೆ ಹೊನ್ನಾರು ಕಟ್ಟುತ್ತೇವೆ. ಎತ್ತಿಗೆ, ನೇಗಿಲಿಗೆ ಪೂಜೆ ಮಾಡಿ ಹೊಲದಲ್ಲಿ ನಾಲ್ಕು ಸಾಲು ಉತ್ತು ಬರುವುದು. ಈಗ ಕೆಲವರು ಟ್ರ್ಯಾಕ್ಟರಿಗೇ ಹೂವಿನ ಹಾರ ಹಾಕಿ ನಾಲ್ಕು ಸಾಲು ಹೊಡೆದು ಬರುತ್ತಾರೆ. ನನಗೇನೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ಇಲ್ಲಿ ಮಳೆಯ ಲೆಕ್ಕ ಸ್ವಲ್ಪ ಹೇಳಬೇಕು. ಬೆಂಗಳೂರು, ಮಾಗಡಿ, ಕುಣಿಗಲ್ ಸುತ್ತ ಮಳೆ ಎರಡು ಸಲ ಜೋರು. ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲೊಮ್ಮೆ. ಮಲೆನಾಡು ತೊಯ್ದು ತೊಪ್ಪೆಯಾಗುವ ಜೂನ್-ಜುಲೈನಲ್ಲಿ ನಮ್ಮಲ್ಲಿ ಬರೀ ಗಾಳಿ, ಜಿಟಿಜಿಟಿ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಗಾದೆ ಇದೆಯಲ್ಲ, ಅದು ಏಪ್ರಿಲ್ ಕೊನೆಗೆ ಶುರುವಾಗಿ ಮೇ ಎರಡನೇ ವಾರದವರೆಗಿನ ಮಳೆ. ಆಗಲೇ ಹೊಲ ಉಳಬೇಕು. ಆ ಹದದಲ್ಲಿ ಒಂದು ತುಂಡು ಜಾಗಕ್ಕೆ ಎಳ್ಳು ಚೆಲ್ಲುತ್ತಾರೆ. ಸಂಕ್ರಾಂತಿಗೆ ನೀವು ಬೀರುವ ಎಳ್ಳು ಇದೆ ನೋಡಿ, ಅದು ಬೇಸಗೆ ಮಳೆಗೆ ಮೊಳೆತದ್ದು. ರಾಗಿಗೆ ಮಾತ್ರ ಆತುರ ಇಲ್ಲ. ಪುನರ್ವಸು, ಪುಷ್ಯ ಮಳೆ, ಅಂದರೆ ಜುಲೈ ತಿಂಗಳ ಲೆಕ್ಕ. ಆಗ ಬಿತ್ತಿದರೆ ತೆನೆ ಬರುವ ಹೊತ್ತಿಗೆ ಸರಿಯಾಗಿ ಎರಡನೇ ಜೋರು ಮಳೆ ಸಿಗುತ್ತೆ. ಯಾರು ಯಾವ ಕಾಲದಲ್ಲಿ ಲೆಕ್ಕ ಹಾಕಿದರೋ ಗೊತ್ತಿಲ್ಲ, ಹವಾಮಾನ ಇಲಾಖೆಯ ನಕ್ಷೆ ಪಕ್ಕಕ್ಕಿಟ್ಟು ನೋಡಿ, ಹೊಂದುತ್ತೆ.

ಬಿತ್ತನೆ ದಿನ ಮನೆಯಲ್ಲಿ ಒಂದು ಥರ ಗಂಭೀರ ವಾತಾವರಣ. ಎತ್ತಿನ ಹಿಂದೆ ಕೂರಿಗೆ, ಅಂದರೆ ಸಾಲಾಗಿ ಬೀಜ ಬಿತ್ತುವ ಸಾಧನ. ಕೂರಿಗೆಯ ಬಟ್ಟಲಿಗೆ ರಾಗಿ ಬಿಡುವುದು ಎಲ್ಲರಿಂದ ಆಗುವ ಕೆಲಸ ಅಲ್ಲ. ಮುಷ್ಟಿಯಿಂದ ಸಣ್ಣ ಕಾಳು ಒಂದೇ ಸಮ ಉದುರುತ್ತಾ ಇರಬೇಕು. ಕೈ ಅಳುಕಿದರೆ ಒಂದು ಕಡೆ ಒತ್ತು, ಒಂದು ಕಡೆ ಬೋಳು. ತಿಂಗಳಾದ ಮೇಲೆ ಊರಿನವರೆಲ್ಲ ದಾರಿಯಲ್ಲಿ ನಿಂತು ನೋಡಿ, ಯಾರಪ್ಪಾ ಬಿತ್ತಿದ್ದು ಅಂತ ಕೇಳುತ್ತಾರೆ!

ಕೂರಿಗೆಗೆ ಹಗ್ಗ ಬಿಗಿದು ಹಿಂದೆ ಒಂದು ಸಡ್ಡೆ ಎಳೆದುಕೊಂಡು ಬರುತ್ತೆ. ಸಡ್ಡೆ ಅಂದರೆ ಒಂದು ಬಿದಿರಿನ ಕೊಳವೆ. ಕೆಳಗೆ ಚೂಪು, ಮೇಲೆ ಬಾಯಿ. ಅದನ್ನು ಹಿಡಿಯುವುದು ನಮ್ಮ ಮನೆಯಲ್ಲಿ ಯಾವಾಗಲೂ ಅವ್ವ. ಮಡಿಲಲ್ಲಿ ಅವರೆ ಬೀಜ. ಎಡಗೈಯಲ್ಲಿ ಸಡ್ಡೆ ಸ್ವಲ್ಪ ವಾರೆಯಾಗಿ ಹಿಡಿದು, ಬಲಗೈಯಿಂದ ಎರಡೆರಡೇ ಕಾಳು ಬಿಡುತ್ತಾ ಎತ್ತಿನ ನಡಿಗೆಗೆ ಹೆಜ್ಜೆ ಹಾಕಬೇಕು. ಹಸಿ ಮಣ್ಣು ಮೆತ್ತಿಕೊಂಡು ಕೊಳವೆಯ ಬಾಯಿ ಕಟ್ಟಿಕೊಳ್ಳುತ್ತೆ. ಅದು ಕಣ್ಣಿಗೆ ಕಾಣಿಸುವುದಿಲ್ಲ. ಕಾಳು ಬಿದಿರಿಗೆ ತಾಗಿ ಇಳಿಯುವ ಟಕ್ ಟಕ್ ಸದ್ದು ಬದಲಾಗುತ್ತೆ. ಅವ್ವ ಆ ಸದ್ದಿನ ಮೇಲೇ ‘ಹೋ’ ಅಂತ ಎತ್ತು ನಿಲ್ಲಿಸುತ್ತಿದ್ದಳು. ಮಾತಾಡುತ್ತಾ ಬಿತ್ತುತ್ತಿದ್ದರೂ ಕಿವಿ ಸಡ್ಡೆ ಕಡೆಗೇ.

ಈ ಪದ್ಧತಿ ಎಷ್ಟು ಹಳೆಯದು ಅಂತ ಕೇಳುತ್ತೀರಿ. ಟಿಪ್ಪು ಸುಲ್ತಾನ್ 1799ರಲ್ಲಿ ಸತ್ತ. ಮರುವರ್ಷವೇ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಅನ್ನುವ ವೈದ್ಯನನ್ನು ಮೈಸೂರು ಸೀಮೆ ನೋಡಿಕೊಂಡು ಬರಲು ಕಳಿಸಿತು. ಅವನು ನಮ್ಮವರು ಕೂರಿಗೆಯಲ್ಲಿ ರಾಗಿ ಬಿತ್ತಿ, ಹಿಂದಿನಿಂದ ಇನ್ನೊಂದು ಕೊಳವೆಯಲ್ಲಿ ಅವರೆ, ತೊಗರಿ ಸಾಲು ಬಿಡುವುದನ್ನು ಬರೆದುಕೊಂಡು ಹೋಗಿದ್ದಾನೆ. ಅಂದರೆ ಇನ್ನೂರು ವರ್ಷಕ್ಕೆ ಮೀರಿದ ಸಾಕ್ಷಿ ಇದೆ.

ರಾಗಿ ಮೊಳೆತು ಮೂರು ವಾರಕ್ಕೆ ಕುಂಟೆ ಹೊಡೆಯುವುದು. ಹೊಸದಾಗಿ ನೋಡುವವರಿಗೆ ಎದೆ ಝಲ್ ಅನ್ನುತ್ತೆ. ಚೆನ್ನಾಗಿ ಬಂದ ಪೈರಿನ ನಡುವೆ ಕಬ್ಬಿಣದ ಅಲಗು ಎಳೆಯುವುದು, ಅಷ್ಟಿಷ್ಟು ಪೈರು ಕಿತ್ತೂ ಹೋಗುತ್ತೆ. ಆದರೆ ರಾಗಿಗೆ ಪೆಟ್ಟು ಬಿದ್ದಷ್ಟೂ ತೆಂಡೆ ಒಡೆಯುತ್ತೆ. ಒಂದು ಬುಡದಿಂದ ನಾಲ್ಕೈದು ಕವಲು, ನಾಲ್ಕೈದು ತೆನೆ. ಹಾವೇರಿ ಕಡೆ ಗುಳಿ ರಾಗಿ ಅಂತ ಮಾಡುತ್ತಾರೆ. ಅಲ್ಲಿ ಪೈರಿನ ಮೇಲೆ ಕೊರಡು ಎಳೆದು ಮಲಗಿಸಿಬಿಡುತ್ತಾರೆ. ಎದ್ದು ನಿಂತ ಮೇಲೆ ಬುಡ ನೋಡಬೇಕು ನೀವು.

ಆಮೇಲೆ ಕಳೆ. ವರ್ಷದಲ್ಲಿ ಬೇಜಾರಿನ ಕೆಲಸ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ಬೆನ್ನ ಮೇಲೆ ಜಿಟಿಜಿಟಿ ಮಳೆ, ಕಾಲಡಿ ಕೆಸರು, ಕುಕ್ಕರಗಾಲಲ್ಲಿ ಕೂತು ಸಾಲು ಹಿಡಿದು ಸಾಗಬೇಕು. ಮಾಡುವವರು ಹೆಚ್ಚಾಗಿ ಹೆಂಗಸರು. ಆದರೆ ಸಂಜೆ ಅವರು ಬರುವಾಗ ಮಡಿಲು ಖಾಲಿ ಇರುವುದಿಲ್ಲ. ಕಿತ್ತ ಕಳೆಯಲ್ಲೇ ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು, ಕಿರಕೀರೆ, ಜೊತೆಗೆ ಅಲಸಂದೆಯ ಎಳೇ ಕುಡಿ. ಇವೆಲ್ಲ ಸೇರಿದರೆ ಬೆರಕೆ ಸೊಪ್ಪು. ಬೇಳೆ ಜೊತೆ ಬೇಯಿಸಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಹುಣಸೆಹಣ್ಣು ಹಾಕಿ ಮಸೆದರೆ ಮಸ್ಸೊಪ್ಪು. ಬಿಸಿ ಮುದ್ದೆಗೆ ಅದು ಇದ್ದರೆ ಬೇರೆ ಏನೂ ಕೇಳಬೇಡಿ. ಗುಟ್ಟು ಇರುವುದು ಪಾಲಿನಲ್ಲಿ. ಅಣ್ಣೆ ಜಾಸ್ತಿಯಾದರೆ ಒಗರು, ಗೋಣಿ ಜಾಸ್ತಿಯಾದರೆ ಲೋಳೆ. ಯಾವುದು ಎಷ್ಟು ಅಂತ ಅವ್ವನನ್ನು ಕೇಳಿದರೆ ‘ಕೈಗೆ ಗೊತ್ತು’ ಅನ್ನುವಳು. ಅಡುಗೆ ಪುಸ್ತಕದವರಿಗೆ ಅದರಿಂದ ಏನೂ ಪ್ರಯೋಜನ ಇಲ್ಲ.

ಮಳೆಗಾಲದ ಕೊನೆಗೆ ಹುಚ್ಚೆಳ್ಳು ಹೂ ಬಿಡುತ್ತೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಸ್ಸಿನಲ್ಲಿ ಹೋಗುವಾಗ ನೀವು ನೋಡಿರಬಹುದು, ಹಸಿರು ಹೊಲಕ್ಕೆ ಹಳದಿ ಅಂಚು. ಅದು ಚೆಂದಕ್ಕೆ ಹಾಕಿದ್ದಲ್ಲ. ದನ ಹುಚ್ಚೆಳ್ಳಿಗೆ ಬಾಯಿ ಹಾಕುವುದಿಲ್ಲ. ಅದಕ್ಕೇ ದಾರಿ ಪಕ್ಕ ಅದರದೇ ಬೇಲಿ. ಹುಚ್ಚೆಳ್ಳು ಕಾಳು ಕಟ್ಟಲು ಜೇನು ಬರಬೇಕು. ಬೆಳಗಿನ ಬಿಸಿಲಿಗೆ ಅಂಚಿನಲ್ಲಿ ನಿಂತರೆ ಹೊಲ ಗುಂಯ್ ಅನ್ನುತ್ತಿರುತ್ತೆ. ದೀಪಾವಳಿಗೆ ನಮ್ಮಲ್ಲಿ ತಿಪ್ಪೆಗೂ ದೀಪ ಇಡುತ್ತೇವೆ, ಸಗಣಿ ಉಂಡೆಗೆ ಇದೇ ಹೂ ಸಿಗಿಸಿ. ಹುಚ್ಚೆಳ್ಳು ಚಟ್ನಿಪುಡಿ ಬಗ್ಗೆ ಶುರು ಮಾಡಿದರೆ ಸಭೆ ಊಟಕ್ಕೆ ಎದ್ದುಬಿಡುತ್ತೆ, ಬೇಡ.

ಒಂದು ಅಡ್ಡಮಾತು. ಹುಚ್ಚೆಳ್ಳು ಮೂಲದಲ್ಲಿ ಇಥಿಯೋಪಿಯದ್ದು. ರಾಗಿಯೂ ಆಫ್ರಿಕಾದ ಅದೇ ಎತ್ತರದ ನೆಲದ ಕಡೆಯಿಂದ ಸಾವಿರಾರು ವರ್ಷಗಳ ಹಿಂದೆ ಬಂದದ್ದು. ನಮ್ಮದು, ನಮ್ಮ ಮಣ್ಣಿನದು ಅಂತ ನಾವು ಎದೆ ತಟ್ಟಿಕೊಳ್ಳುವ ಬೆಳೆಗಳು ಒಂದು ಕಾಲದಲ್ಲಿ ಬಂದ ನೆಂಟರು. ಆ ನೆಂಟಸ್ತಿಕೆಯನ್ನು ಮತ್ತೆ ಹೊಸದು ಮಾಡಿದವರು ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ ಸಿ.ಎಚ್. ಲಕ್ಷ್ಮಣಯ್ಯ. ಇಲ್ಲಿನ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕೂಡಿಸಿ ತೆಗೆದ ತಳಿಗಳಿಗೆ ಇಂಡಾಫ್ ಅಂತ ಹೆಸರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲೇ ಇವೆ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ನಮ್ಮ ಅಪ್ಪನ ಕಾಲದವರಿಗೆ ಆ ಹೆಸರು ಹೇಳಿದರೆ ಈಗಲೂ ಕೈ ಎತ್ತಿ ಮುಗಿಯುತ್ತಾರೆ. ಸರಿ, ಹೊಲಕ್ಕೆ ವಾಪಸ್ ಹೋಗೋಣ.

ನವೆಂಬರಿನಲ್ಲಿ ಕೊಯ್ಲು. ಕುಡುಗೋಲಿನಲ್ಲಿ ಕೊಯ್ದು ಅರಿ ಹಾಕಿ, ಅಂದರೆ ಹೊಲದಲ್ಲೇ ಸಾಲಾಗಿ ಮಲಗಿಸಿ, ಎರಡು ಮೂರು ದಿನ ಒಣಗಲು ಬಿಟ್ಟು, ಕಂತೆ ಕಟ್ಟಬೇಕು. ಕಂತೆ ಕಟ್ಟುವ ಕೆಲಸ ನಸುಕಿಗೇ ಶುರು. ಇಬ್ಬನಿ ಇರುವಾಗ ಹುಲ್ಲು ಮೆತ್ತಗಿರುತ್ತೆ, ತೆನೆ ಉದುರುವುದಿಲ್ಲ. ಬಿಸಿಲೇರಿದ ಮೇಲೆ ಕಟ್ಟಲು ಹೋದರೆ ಹುಲ್ಲು ಮುರಿಯುತ್ತೆ, ಕಾಳು ನೆಲದ ಪಾಲು. ಹಾಗಾಗಿ ಚಳಿಯಲ್ಲಿ, ಒದ್ದೆ ಹುಲ್ಲಿನಲ್ಲಿ ಕೈ ಮರಗಟ್ಟಿಸಿಕೊಂಡು ಮಾಡಬೇಕು. ಕಟ್ಟಿದ್ದನ್ನೆಲ್ಲ ತಂದು ಮೆದೆ ಒಟ್ಟುವುದು, ತೆನೆ ಒಳಕ್ಕೆ, ಬುಡ ಹೊರಕ್ಕೆ. ಮೆದೆ ಏರಿದ ಮೇಲೆ ಮಳೆ ಬಂದರೂ ಭಯ ಇಲ್ಲ. ಭಯ ಇರುವುದು ಅರಿ ಹಾಕಿದ ಆ ಎರಡು ಮೂರು ದಿನಕ್ಕೆ. 2021ರ ನವೆಂಬರಿನಲ್ಲಿ ಬಿಡದೆ ಸುರಿದ ಮಳೆಗೆ ದಕ್ಷಿಣ ಕರ್ನಾಟಕದ ಎಷ್ಟೋ ಹೊಲಗಳಲ್ಲಿ ರಾಗಿ ತೆನೆಯಲ್ಲೇ ಮೊಳೆತುಬಿಟ್ಟಿತು. ತೆನೆಯ ತುಂಬಾ ಹಸಿರು ಕೂದಲು ಹುಟ್ಟಿದ್ದನ್ನು ನೋಡಿದವರು ಮರೆಯುವುದಿಲ್ಲ. ಅಂಥ ವರ್ಷದಲ್ಲಿ ಖುಷಿ ಅನ್ನುವ ಮಾತೇ ಬರುವುದಿಲ್ಲ.

ರಾಗಿ ಹೋದ ಹೊಲ ಬೋಳು ಬೋಳು ಕಾಣಬೇಕು ಅಲ್ವಾ? ಅಕ್ಕಡಿ ಇದ್ದರೆ ಕಾಣುವುದಿಲ್ಲ. ರಾಗಿ ಕೂಳೆಯ ನಡುವೆ ಅವರೆ ಬಳ್ಳಿ ಆಗ ತಾನೇ ಮೈ ಬಿಟ್ಟು ಹರಡುತ್ತೆ. ಇಷ್ಟು ದಿನ ರಾಗಿಯ ನೆರಳಿನಲ್ಲಿ ಸುಮ್ನೆ ಇದ್ದದ್ದು. ಮಳೆ ನಿಂತಿರುತ್ತೆ. ನೆಲದಲ್ಲಿ ಉಳಿದ ತೇವ, ರಾತ್ರಿಯ ಇಬ್ಬನಿ, ಇಷ್ಟರಲ್ಲೇ ಅದರ ಸಂಸಾರ. ಡಿಸೆಂಬರಿಗೆ ಕಾಯಿ.

ಸೊಗಡಿನ ಬಗ್ಗೆ ನಿಮಗೆ ಹೇಳುವುದೇನಿದೆ. ಬುಟ್ಟಿ ಮುಂದೆ ನಿಂತು, ಕಾಯಿ ಮೂಗಿಗೆ ಹಿಡಿದು, ಸೊಗಡಿದೆಯೇನಮ್ಮಾ ಅಂತ ಕೇಳಿಯೇ ಕೊಳ್ಳುವ ಜನ ನೀವು. ಹೊಲದಲ್ಲಿ ಬಿಡಿಸಿದವರಿಗೆ ಅದು ಬೇರೆ ಥರ. ಬೆಳಗ್ಗೆ ಇಬ್ಬನಿಯಲ್ಲಿ ಬಿಡಿಸಿದರೆ ಬೆರಳಿಗೆಲ್ಲ ಎಣ್ಣೆ ಸವರಿದ ಹಾಗೆ ಅಂಟು. ಎರಡು ದಿನ ಸೋಪು ಹಾಕಿ ತೊಳೆದರೂ ಕೈ ಮೂಸಿದರೆ ಅವರೆಕಾಯಿ. ಶಾಲೆಯಲ್ಲಿ ಪುಸ್ತಕದ ಹಾಳೆಗೂ ಅದೇ ವಾಸನೆ. ರಾತ್ರಿ ಕಾಳು ನೆನೆಹಾಕಿ, ಮರುದಿನ ಎಲ್ಲರೂ ತಟ್ಟೆ ಸುತ್ತ ಕೂತು ಹಿಸುಕುವುದು. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತೆ. ಮಕ್ಕಳು ಎದುರಿಗೆ ಕೂತವರ ಮೂಗಿಗೇ ಗುರಿ ಇಡುತ್ತಾರೆ. ದೊಡ್ಡಪ್ಪ ಬೈಯುತ್ತಾ ಬೈಯುತ್ತಾ ತಾನೂ ಒಂದು ಹಾರಿಸಿಬಿಡುತ್ತಿದ್ದ.

ಈಗ ವರ್ಷವೆಲ್ಲಾ ಅವರೆಕಾಯಿ ಸಿಗುತ್ತೆ ಅಂತ ನೀವು ಹೇಳಬಹುದು. ಸಿಗುತ್ತೆ. ಅದರ ಹಿಂದೆ ಒಳ್ಳೆಯ ವಿಜ್ಞಾನ ಇದೆ. ನಾಟಿ ಅವರೆ ಹಗಲು ಚಿಕ್ಕದಾಗುವುದನ್ನು ಕಾಯುತ್ತೆ. ನೀವು ಯಾವಾಗ ಬಿತ್ತಿದರೂ ಅಷ್ಟೇ, ಹಗಲು ಕುಗ್ಗಿದ ಮೇಲೆಯೇ ಹೂ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಅಂತ ತೆಗೆದರಲ್ಲ, ಎಚ್‌ಎ-3, ಎಚ್‌ಎ-4, ಅವಕ್ಕೆ ಹಗಲಿನ ಹಂಗಿಲ್ಲ. ನೀರಿದ್ದರೆ ಯಾವ ತಿಂಗಳಾದರೂ ಸರಿ. ರೈತನಿಗೆ ಬೇಸಗೆಯಲ್ಲೂ ಕಾಸು ಸಿಗುತ್ತೆ, ತಪ್ಪೇನು? ನಾನೂ ಕೊಳವೆಬಾವಿ ಇರುವ ಕಡೆ ಹಾಕಿದ್ದೇನೆ. ಮಾರುತ್ತೇನೆ. ಮನೆಗೆ ಮಾತ್ರ ತರುವುದಿಲ್ಲ! ಚಳಿ, ಇಬ್ಬನಿ ಬೀಳದ ಕಾಯಿಗೆ ಆ ಸೊಗಡು ಎಲ್ಲಿಂದ ಬರಬೇಕು.

ಸಂಕ್ರಾಂತಿಗೆ ಅವರೆಕಾಯಿ, ಗೆಣಸು, ಕಡಲೆಕಾಯಿ ಬೇಯಿಸಿ, ದನದ ಮೈ ತೊಳೆದು ಕಿಚ್ಚು ಹಾಯಿಸಿದ ಮೇಲೆ ಕಣದ ಕೆಲಸ. ನೆಲ ಕೆರೆದು, ನೀರು ಚಿಮುಕಿಸಿ, ಗುಂಡು ಉರುಳಿಸಿ ಗಟ್ಟಿ ಮಾಡಿ, ಸಗಣಿಯಲ್ಲಿ ಸಾರಿಸಿದರೆ ಕಣ. ಮೆದೆ ಕಿತ್ತು ಹರಡಿ, ಎತ್ತಿಗೆ ಗುಂಡು ಕಟ್ಟಿ ಸುತ್ತಿಸಿ, ಗಾಳಿ ಬಂದಾಗ ತೂರುವುದು. ಇದರ ಬಗ್ಗೆ ಬೇರೆಯವರು ಬೇಕಾದಷ್ಟು ಹೇಳಿದ್ದಾರೆ, ನಾನು ಮುಂದೆ ಹೋಗುತ್ತೇನೆ. ಒಂದು ಮಾತು ಮಾತ್ರ. ಈಗ ಟಾರು ರಸ್ತೆಯೇ ಕಣ. ರಾಗಿ ಹರಡಿ, ಬಸ್ಸು ಲಾರಿ ತುಳಿಯಲಿ ಅಂತ ಬಿಡುತ್ತಾರೆ. ಬೈಕಿನವರು ಜಾರಿ ಬಿದ್ದು ಕೈಕಾಲು ಮುರಿದುಕೊಳ್ಳುತ್ತಾರೆ. ರೈತರ ಪರ ಮಾತಾಡಲು ಬಂದವನೇ ಹೇಳುತ್ತಿದ್ದೇನೆ, ಇದು ತಪ್ಪು. ಬಾಡಿಗೆಗೆ ಒಕ್ಕಣೆ ಯಂತ್ರ ಸಿಗುವ ಊರಲ್ಲೂ ಇದನ್ನು ಮಾಡುತ್ತಾರಲ್ಲ, ಅದಕ್ಕೆ ಸಮರ್ಥನೆ ಇಲ್ಲ.

ಈಗ ಆಗಲೇ ಬಾಕಿ ಇಟ್ಟ ಪ್ರಶ್ನೆ. ಅಕ್ಕಡಿ ಯಾಕೆ ಹೋಗುತ್ತಿದೆ?

ಮೊದಲನೆಯದು ಕೊಯ್ಲಿನ ಯಂತ್ರ. ಯಂತ್ರ ಬರುವ ಹೊತ್ತಿಗೆ ಅವರೆ ಹೂವಿನಲ್ಲಿರುತ್ತೆ. ಯಂತ್ರಕ್ಕೆ ರಾಗಿ ಯಾವುದು, ಅವರೆ ಯಾವುದು ಅಂತ ಗೊತ್ತಾಗುವುದಿಲ್ಲ. ಬಳ್ಳಿ ಸುತ್ತಿಕೊಂಡರೆ ಯಂತ್ರದವನಿಗೂ ತಲೆನೋವು. ಹಾಗಾಗಿ ಅವನು ಮೊದಲೇ ಹೇಳುತ್ತಾನೆ, ಬರೀ ರಾಗಿ ಇದ್ದರೆ ಬರ್ತೀನಿ. ಕಳೆನಾಶಕದ್ದೂ ಅದೇ ಕಥೆ. ರಾಗಿಗೆ ಹೊಡೆಯುವ 2,4-ಡಿ ಥರದ ಔಷಧಿ ಅಗಲ ಎಲೆಯ ಗಿಡಗಳನ್ನು ಸಾಯಿಸುತ್ತೆ. ಅವರೆ, ತೊಗರಿ, ಹುಚ್ಚೆಳ್ಳು ಎಲ್ಲ ಅಗಲ ಎಲೆಯವೇ. ಅಣ್ಣೆ ಸೊಪ್ಪೂ ಅಷ್ಟೇ. ಒಂದು ಡಬ್ಬಿಗೆ ಅಕ್ಕಡಿಯೂ ಹೋಯಿತು, ಮಸ್ಸೊಪ್ಪೂ ಹೋಯಿತು.

ಇನ್ನೊಂದು ಕಾರಣ ಲೆಕ್ಕದ್ದು. ರಾಗಿಗೆ ಬೆಂಬಲ ಬೆಲೆ ಇದೆ. 2025–26ಕ್ಕೆ ಕ್ವಿಂಟಾಲಿಗೆ 4,886 ರೂಪಾಯಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತಲೇ ಆಚರಿಸಿತು. ರಾಗಿಗೆ ಮರ್ಯಾದೆ ಬಂತು, ಸಂತೋಷ. ಆದರೆ ಎಕರೆಗೆ ಎಷ್ಟು ಕ್ವಿಂಟಾಲ್ ರಾಗಿ ಅನ್ನುವುದೊಂದೇ ಅಳತೆಯಾದಾಗ ಪಕ್ಕದ ಸಾಲು ದಂಡ ಅನ್ನಿಸಲು ಶುರುವಾಗುತ್ತೆ. ಮಡಿಲಲ್ಲಿ ಬಂದ ಸೊಪ್ಪು, ಸಂಜೆ ಸಾರಿಗೆ ಬಿಡಿಸಿದ ಅಲಸಂದೆ, ಸೇರಿನ ಲೆಕ್ಕದಲ್ಲಿ ಅವ್ವ ಮಾರಿ ಸೆರಗಿನ ಗಂಟಿಗೆ ಹಾಕಿಕೊಂಡ ಅವರೆಕಾಳಿನ ದುಡ್ಡು, ಇದು ಯಾವ ಪಹಣಿಯಲ್ಲಿದೆ? ನಮ್ಮ ಮನೆಯಲ್ಲಿ ರಾಗಿಯ ದುಡ್ಡು ಅಪ್ಪನದು, ಅಕ್ಕಡಿಯ ದುಡ್ಡು ಅವ್ವನದು. ನನ್ನ ಶಾಲೆಯ ನೋಟ್ ಪುಸ್ತಕಗಳು ಬಂದದ್ದು ಅಕ್ಕಡಿ ದುಡ್ಡಿನಲ್ಲಿ. ಅಕ್ಕಡಿ ಹೋದಾಗ ಮನೆಯಲ್ಲಿ ಹೆಂಗಸರ ಕೈಯ ಕಾಸೂ ಹೋಯಿತು, ಅದನ್ನು ಯಾರೂ ನಷ್ಟ ಅಂತ ಬರೆದುಕೊಳ್ಳಲಿಲ್ಲ.

ಹಾಗಂತ ಕುಡುಗೋಲು ವಾಪಸ್ ತನ್ನಿ ಅಂತ ನಾನು ಹೇಳುವುದಿಲ್ಲ. ಬಗ್ಗಿ ಬಗ್ಗಿ ಕೊಯ್ದವರ ಸೊಂಟ ಐವತ್ತಕ್ಕೇ ಹೋಗಿರುತ್ತೆ. ನಮ್ಮ ಅತ್ತಿಗೆ ಮೊದಲ ಸಲ ಯಂತ್ರ ಹೊಲಕ್ಕೆ ಇಳಿದ ದಿನ ಬದುವಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು, ‘ಇಷ್ಟು ದಿನ ಎಲ್ಲಿದ್ದೆಯಪ್ಪಾ’ ಅಂದರು. ಆ ಖುಷಿ ಸುಳ್ಳು ಅನ್ನಲು ನನಗೇನು ಹಕ್ಕಿದೆ?

ಕೊನೆಗೆ ಒಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ಮುಗಿಸುತ್ತೇನೆ. ಯಂತ್ರವೂ ಬೇಕು, ಅಕ್ಕಡಿಯೂ ಬೇಕು ಅಂದರೆ ಹೇಗೆ ಅಂತ. ನಾನು ಮಾಡುತ್ತಿರುವುದನ್ನು ಹೇಳುತ್ತೇನೆ. ನಡುವೆ ಬರೀ ರಾಗಿ, ಯಂತ್ರ ಓಡಾಡುವಷ್ಟು. ಅವರೆ, ತೊಗರಿಯನ್ನು ಹೊಲದ ಎರಡು ಬದಿಗೆ ಪಟ್ಟಿ ಮಾಡಿ ಬಿತ್ತುತ್ತೇನೆ. ಬದುವಿನ ಉದ್ದಕ್ಕೂ ಹುಚ್ಚೆಳ್ಳು. ಕಳೆನಾಶಕ ಇಲ್ಲ, ಕುಂಟೆ ಇದೆ. ಸಾಲಿನ ನಡುವೆ ಇದ್ದಷ್ಟು ಚೆನ್ನಾಗಿ ಬರುವುದಿಲ್ಲ, ಆದರೆ ಮನೆಗೆ, ನೆಂಟರಿಗೆ ಸಾಕಾಗುತ್ತೆ. ಅವರೆ ಬೀಜಕ್ಕೆ ಅಂಗಡಿಗೆ ಹೋಗಬೇಡಿ, ನಿಮ್ಮ ಊರಿನಲ್ಲಿ ಬೂದಿ ಕಲಸಿ ಗಡಿಗೆಯಲ್ಲಿ ಇಟ್ಟುಕೊಂಡಿರುವ ಅಜ್ಜಿಯರನ್ನು ಕೇಳಿ. ಒಂದು ಪಾವು ಕೊಟ್ಟರೆ ಮುಂದಿನ ವರ್ಷ ಎರಡು ಪಾವು ವಾಪಸ್ ಕೊಡಬೇಕು, ಅದು ರೂಢಿ. ಬಿತ್ತುವುದು ಜುಲೈನಲ್ಲಿ. ನಾಟಿ ಬೀಜವನ್ನು ಮಾರ್ಚಿನಲ್ಲಿ ಹಾಕಿದರೆ ಬಳ್ಳಿ ಮಾತ್ರ ಮನೆ ಮೇಲಕ್ಕೆ ಹಬ್ಬುತ್ತೆ, ಕಾಯಿ ಎಲ್ಲಿ ಅಂತ ಆಮೇಲೆ ನನಗೆ ಫೋನ್ ಮಾಡಬೇಡಿ.